ಸರೋಜಮ್ಮ ಮಿಸ್ ಮತ್ತು ಗಿಡದ ಚೌಕ

ಸರೋಜಮ್ಮ ಮಿಸ್ ಸೆರಗಿನ ತುದಿಯಲ್ಲಿ ಸದಾ ಒಂದು ಗಂಟು. ಅದರೊಳಗೆ ಹೊಂಗೆ ಕಾಯಿ, ಎಕ್ಕದ ಹೂವು, ಅತ್ತಿ ಹಣ್ಣು. ಒಮ್ಮೆ ಜೀವಂತ ಬಸವನಹುಳುವೂ ಇತ್ತು. ಸುರುಳಿ ಅಂದರೇನು ಎಂದು ತೋರಿಸಲು ಅದನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಬಿಟ್ಟಿದ್ದರು.

ಜಕ್ಕೂರಿನಲ್ಲಿ ನನ್ನದು ಟೈಲ್ಸ್ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಅವರು ಒಂಬತ್ತು ಪುಟಾಣಿಗಳಿಗೆ ಪಾಠ ಹೇಳುತ್ತಿದ್ದರು. ಪಾಠವೆಂದರೆ ಪುಸ್ತಕವಲ್ಲ. ಕೆರೆ ಏರಿಯ ಮೇಲೆ ಬಿದ್ದದ್ದನ್ನೆಲ್ಲ ಆರಿಸಿ ತಂದು ಅಂಗಡಿ ಮೆಟ್ಟಿಲ ಮೇಲೆ ಜೋಡಿಸುವುದು: ಒಂದು ಅರಳಿ ಎಲೆ, ಎರಡು ಹೊಂಗೆ ಕಾಯಿ, ಮತ್ತೆ ಎಲೆ, ಮತ್ತೆ ಎರಡು ಕಾಯಿ. ಗಿರಾಕಿಯೂ ಮುಂದೇನು ಬರುತ್ತದೆಂದು ಹೇಳಿಯೇ ಮೆಟ್ಟಿಲು ಹತ್ತಬೇಕು. ಒಬ್ಬ ಬಿಲ್ಡರ್ ಎರಡು ಸಲ ತಪ್ಪು ಹೇಳಿದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಆ ಗಡಿಬಿಡಿಯಲ್ಲಿ ಅವನು ಚೌಕಾಸಿ ಮಾಡುವುದನ್ನೇ ಮರೆತ. ಅಂಗಡಿ ಇಟ್ಟವರು ಇದನ್ನು ಗಮನಿಸಬೇಕು.

ಆದರೆ ಹೊಸ ಅಪಾರ್ಟ್‌ಮೆಂಟಿನ ಪೋಷಕರಿಗೆ ಇದು ಹಿಡಿಸಲಿಲ್ಲ. ಎಲೆ ಕಡ್ಡಿ ಆಟ ಸಾಕು, ಇಲ್ಲದಿದ್ದರೆ ಮಕ್ಕಳನ್ನು ಬಿಡಿಸುತ್ತೇವೆ ಎಂದರು. ಬಿಡಿಸಿದರೆ ಉಳಿಯುವುದು ಎರಡೇ ಮಕ್ಕಳು; ಶಾಲೆ ಮುಚ್ಚಿದಂತೆಯೇ. ಚಿಕ್ಕಪೇಟೆಯಲ್ಲಿ ಪ್ಲಾಸ್ಟಿಕ್ ಆಕಾರಗಳ ಡಬ್ಬಿ ಸಿಗುತ್ತದೆ, ನಾನೇ ಬೆಲೆ ಇಳಿಸಿ ತಂದುಕೊಡುತ್ತೇನೆ ಎಂದೆ.

“ಅದನ್ನ ಇರುವೆನೂ ಮೂಸಲ್ಲ ಕಣಪ್ಪ, ಮಕ್ಕಳು ಮೂಸ್ತಾವಾ?” ಎಂದರು ಮಿಸ್.

ಒಂದು ಶುಕ್ರವಾರ ಪೋಷಕರೆಲ್ಲ ಪರೀಕ್ಷೆ ಮಾಡಲೆಂದೇ ಬಂದರು. ಗುಂಡಗಿರುವುದು, ಮೊನೆ ಇರುವುದು, ಐದು ಮೂಲೆಯದು, ಎಲ್ಲವನ್ನೂ ಮಕ್ಕಳು ತೋರಿಸಿದರು. ಆಗ ಒಬ್ಬ ತಂದೆ ನಗುತ್ತ ಕೇಳಿದ: “ಚೌಕ ಎಲ್ಲಿ ಮಿಸ್? ಗಿಡದಲ್ಲಿ ಚೌಕ ಬೆಳೆಯುತ್ತಾ?”

ನಾನು ಸದ್ದಿಲ್ಲದೆ ಒಂದು ಚೌಕ ಟೈಲ್ಸನ್ನು ಮಿಸ್ ಕಡೆಗೆ ಸರಿಸಿದೆ. ಮಿಸ್ ಅದನ್ನು ಕಾಲಲ್ಲೇ ಹಿಂದಕ್ಕೆ ನೂಕಿದರು.

ಅಷ್ಟರಲ್ಲಿ ಆತನ ಮಗಳೇ ಎದ್ದು ನಮ್ಮ ಹಿತ್ತಲ ತುಳಸಿ ಕಟ್ಟೆಯತ್ತ ಓಡಿದಳು. ಅವಳ ಹಿಂದೆ ಎಂಟು ಮಕ್ಕಳು, ಮಕ್ಕಳ ಹಿಂದೆ ಕೈ ಬೀಸುತ್ತ ನನ್ನ ಅಮ್ಮ. ಶುಕ್ರವಾರ ತುಳಸಿ ಕೀಳಬಾರದಲ್ಲ.

“ಯಾರೂ ಕೀಳ್ಬೇಡಿ,” ಎಂದರು ಮಿಸ್. “ಸಾರ್, ನೀವು ಬನ್ನಿ. ಕಣ್ ಮುಚ್ಕೊಂಡು ಈ ಎಳೇ ಕಡ್ಡಿ ಸುತ್ತ ಬೆರಳಾಡ್ಸಿ. ಎಷ್ಟು ಮಗ್ಗುಲು?”

ಆತ ಎಣಿಸಿದ. ನಾಲ್ಕು. ನಂಬಿಕೆಯಾಗದೆ ಮತ್ತೆ ಎಣಿಸಿದ. “ದಿನಾ ನೀರು ಹಾಕ್ತೀವಲ್ರೀ ಇದಕ್ಕೆ,” ಎಂದ ಮೆಲ್ಲಗೆ.

ಆಮೇಲೆ ಪೋಷಕರೆಲ್ಲ ಸಾಲುಗಟ್ಟಿದರು, ಕಣ್ಣು ಮುಚ್ಚಿಕೊಂಡು. ಅರವತ್ತು ವರ್ಷ ತುಳಸಿಗೆ ಸುತ್ತು ಹಾಕಿದ ಅಮ್ಮ ಸಾಲಿನಲ್ಲಿ ಎರಡು ಸಲ ನಿಂತಳು. ಮಕ್ಕಳಿಗಂತೂ ಹುಚ್ಚು ಖುಷಿ. ದೊಡ್ಡವರಿಗೆಲ್ಲ ಮಾರ್ಕ್ಸ್ ಹಾಕಿದರು. ಒಂದು ಮಗುವೂ ಶಾಲೆ ಬಿಡಲಿಲ್ಲ.

ಹೋದ ಯುಗಾದಿ ಹೊತ್ತಿಗೆ ಮಂಡಿನೋವು ಹೆಚ್ಚಾಗಿ ಮಿಸ್ ಚಿಕ್ಕಜಾಲದ ಮಗಳ ಮನೆಗೆ ಹೋದರು. ಕೋಣೆ ಖಾಲಿಯಿದೆ. ಬಾಡಿಗೆಗೆ ಕೇಳಿಕೊಂಡು ಬರುವವರು ಬಹಳ: ಕೊರಿಯರ್‌ನವರು, ಜಿಮ್‌ನವರು. ಚಿಕ್ಕ ಮಕ್ಕಳಿಗೆ ಪಾಠ ಹೇಳ್ತೀರಾ ಎಂದು ಕೇಳುತ್ತೇನೆ. ಇಲ್ಲವೆಂದರೆ ಟೀ ಕುಡಿಸಿ ಕಳಿಸುತ್ತೇನೆ. ವ್ಯಾಪಾರದಲ್ಲಿ ಇದು ಶುದ್ಧ ದಡ್ಡತನ. ನೀವ್ಯಾರೂ ಹೀಗೆ ಮಾಡಬೇಡಿ.