ನಾಗಭೂಷಣ ಸಾರ್ ಸಹಿ ಹಾಕಿದ ರಿವಾಲ್ವರ್

ಸಿನಿಮಾದಲ್ಲಿ ಯಾರು ಯಾರನ್ನು ಕೊಂದರು ಎಂಬುದು ನಾಗಭೂಷಣ ಸಾರ್‌ಗೆ ಬೇಕಿರಲಿಲ್ಲ. ಯಾವ ರಿವಾಲ್ವರಿನಿಂದ ಕೊಂದರು ಎಂಬುದಷ್ಟೇ ಬೇಕಿತ್ತು. ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆ ಅವರದು. ಯುದ್ಧದ ಸಿನಿಮಾ ಹಾಕಿದರೆ ಮುಗಿಯಿತು, ನಾಯಕ ಸಾಯುವ ಹೊತ್ತಿಗೆ ಸರಿಯಾಗಿ ರಿಮೋಟ್ ಕಿತ್ತುಕೊಂಡು ನಿಲ್ಲಿಸುತ್ತಿದ್ದರು.

"ನೋಡಯ್ಯಾ, ಇವನು ಅಮೆರಿಕನ್ ಮಿಲಿಟರಿ ಪೊಲೀಸ್ ಅಂತೆ! ಹಿಡಿ ಕೆಳಗೆ ರಿಂಗ್ ಎಲ್ಲಿ? ದಾರ ಎಲ್ಲಿಗೆ ಕಟ್ಕೋತಾನೆ, ಅವರಪ್ಪನ ತಲೆಗಾ?"

"ರೀ, ಅವನು ನೆಮ್ಮದಿಯಾಗಿ ಸಾಯ್ಲಿ ಬಿಡ್ರೀ ಪಾಪ," ಎಂದು ವನಜಾ ಆಂಟಿ ಅಡುಗೆಮನೆಯಿಂದ ಕೂಗುತ್ತಿದ್ದರು.

ಸಾರ್ ಮೈಸೂರಿನವರು; ಇಲ್ಲಿ ಒಂದು ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಮ್ಯಾನೇಜರು. ಯುದ್ಧಕಾಲದಲ್ಲಿ ಅಮೆರಿಕದ ಮಿಲಿಟರಿ ಪೊಲೀಸರಿಗೆ ಕೊಟ್ಟ ರಿವಾಲ್ವರುಗಳನ್ನು ಗುರುತು ಹಿಡಿಯುವ ಹುಚ್ಚು ಅವರಿಗೆ ಎಲ್ಲಿಂದ ಹತ್ತಿತೋ, ಆ ದೇವರೇ ಬಲ್ಲ. ಪಿಸ್ತೂಲು ಸಾಲದೆ ರಿವಾಲ್ವರಿಗೇ ಪಿಸ್ತೂಲಿನ ಗುಂಡು ಹಾಕಿದ್ದು, ಆ ಗುಂಡುಗಳನ್ನು ಮೂರು ಮೂರಾಗಿ ಹಿಡಿಯುವ ಅರ್ಧಚಂದ್ರದ ಕ್ಲಿಪ್ಪು, ನಳಿಗೆಯ ಅಡಿಯಲ್ಲಿ ಸರ್ಕಾರಿ ಸ್ವತ್ತೆಂಬ ಮುದ್ರೆ, ಎಲ್ಲವೂ ಫೋಟೋ ನೋಡಿ ನೋಡಿಯೇ ಬಾಯಿಪಾಠ.

ಇನ್ನೊಂದು ಚಟ ಲ್ಯಾಬಿನದು. ಏನನ್ನು ಪರೀಕ್ಷಿಸಿದರೂ ಸರ್ಟಿಫಿಕೇಟ್ ಬರೆಯಬೇಕು, ಸಹಿ ಹಾಕಿ ಸೀಲು ಒತ್ತಬೇಕು. ಒಮ್ಮೆ ಆಂಟಿ ಮಾಡಿದ ಸಾರಿಗೂ ಬ್ಯಾಚ್ ನಂಬರ್ ಹಾಕಿ, 'ಉಪ್ಪು ಮಿತಿಯೊಳಗಿದೆ' ಎಂದು ಬರೆದುಕೊಟ್ಟರು. ಆಮೇಲೆ ಎರಡು ದಿನ ಅವರಿಗೆ ಸಾರೇ ಸಿಗಲಿಲ್ಲ.

ಹೀಗಿರುವಾಗ ಹಳೇ ಸಾಮಾನಿನ ಸಂತೆಯಲ್ಲಿ ನನಗೊಂದು ರಿವಾಲ್ವರ್ ಸಿಕ್ಕಿತು. ನಳಿಗೆ ಮುಚ್ಚಿತ್ತು, ಷೋಕೇಸಿಗೆ ಮಾತ್ರ ಲಾಯಕ್ಕು. ಹಳೆಯ ವಸ್ತುಗಳೆಂದರೆ ಪ್ರಾಣ ಬಿಡುವ ನಮ್ಮ ಮಾವನವರಿಗೆಂದು ಕೊಂಡೆ. ಸಾರ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಭೂತಗನ್ನಡಿಯಲ್ಲಿ ನೋಡಿದರು. ರಿಂಗ್ ಇತ್ತು, ಮುದ್ರೆ ಇತ್ತು, ಯುದ್ಧಕಾಲದ ಮಂಕು ಬೂದು ಬಣ್ಣವೂ ಇತ್ತು. ಗುಂಡು ತುಂಬುವ ಚಕ್ರ ಮಾತ್ರ ತಿರುಗಲಿಲ್ಲ.

"ತುಕ್ಕು ಕಣಯ್ಯಾ. ವಯಸ್ಸಾದ ಜೀವ, ಬಲವಂತ ಮಾಡಬಾರದು," ಎಂದು ಅದರ ಬೆನ್ನು ಸವರಿ, 'ಅಸಲಿ' ಎಂದು ಇಂಗ್ಲಿಷಿನಲ್ಲಿ ಸರ್ಟಿಫಿಕೇಟ್ ಬರೆದು ಸೀಲು ಒತ್ತಿದರು.

ಮಹಾ ಬುದ್ಧಿವಂತನಾದ ನಾನು ರಿವಾಲ್ವರನ್ನೂ ಸರ್ಟಿಫಿಕೇಟನ್ನೂ ಒಟ್ಟಿಗೆ ಸೂಟ್‌ಕೇಸಿನಲ್ಲಿಟ್ಟು ರಜಕ್ಕೆ ಊರಿಗೆ ಹೊರಟೆ. ನೈರೋಬಿಯ ಎಂಬಕಸಿ ವಿಮಾನ ನಿಲ್ದಾಣದಲ್ಲಿ ಹಿಡಿದು ಕೂರಿಸಿದರು. ಆಟಿಕೆ ಎಂದು ಅಂಗಲಾಚಿದೆ. ಪೊಲೀಸ್ ಅಧಿಕಾರಿಣಿ ಸರ್ಟಿಫಿಕೇಟನ್ನು ನನ್ನ ಮುಖದ ಮುಂದೆ ಹಿಡಿದು, "ಇಲ್ಲಿ ಅಸಲಿ ಅಂತಿದೆ. ಲೈಸೆನ್ಸ್ ಎಲ್ಲಿ?" ಎಂದರು. ಅಸಲಿಯಾದರೆ ವಿಮಾನವಿರಲಿ, ಜೈಲೇ ಗತಿ. ಸಾರ್‌ಗೆ ಫೋನ್ ಮಾಡಿದೆ.

ಕಾರ್ಖಾನೆಯ ಬಿಳಿ ಕೋಟಿನಲ್ಲೇ ಬಾಡಿಗೆ ಬೈಕಿನ ಹಿಂದೆ ಕೂತು, ತಲೆಗೆ ಹಾಕಿದ ಹೆಲ್ಮೆಟ್ಟನ್ನು ತೆಗೆಯುವುದನ್ನೂ ಮರೆತು ಓಡಿ ಬಂದರು.

"ಸಾರ್, ನಿಮ್ಮ ದಮ್ಮಯ್ಯ, ಡೂಪ್ಲಿಕೇಟ್ ಅಂದ್ಬಿಡಿ," ಎಂದು ಪಿಸುಗುಟ್ಟಿದೆ.

"ತೆಪ್ಪಗಿರಯ್ಯಾ! ಮೂವತ್ತು ವರ್ಷದಲ್ಲಿ ಸುಳ್ಳು ರಿಪೋರ್ಟ್ ಕೊಟ್ಟೋನಲ್ಲ ನಾನು. ಅಸಲಿ ಆಗಿದ್ರೆ ಅಸಲಿ ಅಂತಾನೇ ಹೇಳೋದು."

ಅವರು ಕಣ್ಣು ಮುಚ್ಚಿ ಮುದ್ರೆಯ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. ಚಕ್ರವನ್ನು ಹಲ್ಲುಕಚ್ಚಿ ತಿರುಗಿಸಲು ನೋಡಿದರು. ಆಮೇಲೆ ಮೆಲ್ಲನೆ ಹೆಲ್ಮೆಟ್ ತೆಗೆದರು.

"ಮೇಡಂ, ಅಸಲಿಯಲ್ಲಿ ಅಕ್ಷರ ಲೋಹದ ಒಳಕ್ಕೆ ಒತ್ತಿರಬೇಕು. ಇದರಲ್ಲಿ ಮೇಲಕ್ಕೆ ಎದ್ದಿದೆ. ಚಕ್ರಾನೂ ಬೇರೆ ಇಲ್ಲ, ಎಲ್ಲಾ ಒಂದೇ ಎರಕ. ಫೋಟೋದಲ್ಲಿ ಇದು ಗೊತ್ತಾಗಲ್ಲ. ತಪ್ಪು ನನ್ನದು."

ಅಧಿಕಾರಿಣಿಯೂ ಬೆರಳಾಡಿಸಿ ನೋಡಿ, ಬಿಳಿ ಕೋಟಿನವರನ್ನು ಡಾಕ್ಟರೆಂದೇ ತಿಳಿದು ಕೇಳಿದರು: "ಡಾಕ್ಟರ್, ಇಂಥ ರಿವಾಲ್ವರ್ ಎಷ್ಟು ಹಿಡಿದು ನೋಡಿದ್ದೀರಿ?"

"ಇದೊಂದೇ ಮೇಡಂ. ಈಗ ಅದೂ ಇಲ್ಲ."

ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಬದುಕಿದೆಯಾ ಬಡಜೀವವೇ ಎಂದು ನಾನೂ ನಕ್ಕೆ. ಸಾರ್ ನಗಲಿಲ್ಲ. ನನಗಾಗಿ ಓಡಿ ಬಂದ ಮನುಷ್ಯನನ್ನು ನೋಡಿ ನಕ್ಕೆನಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ಆಕೆ ರಿವಾಲ್ವರ್ ಇಟ್ಟುಕೊಂಡು ನನ್ನನ್ನು ಬಿಟ್ಟರು. ಸಾರ್ ಹೊರಡುವ ಮುನ್ನ ಸಂಕೋಚದಿಂದ ತಮ್ಮ ಕಾರ್ಡ್ ಕೊಟ್ಟು, "ಎಂದಾದರೂ ಅಸಲಿ ಬಂದರೆ ಒಂದು ಫೋನ್ ಮಾಡಿ ಮೇಡಂ. ಒಂದೇ ಒಂದು ಸಲ ಮುಟ್ಟಬೇಕು," ಎಂದರು.

ಅದೇ ಕೊನೆ. ನಾನು ರಜ ಮುಗಿಸಿ ಬರುವಷ್ಟರಲ್ಲಿ ಅವರು ನಿವೃತ್ತಿ ಪಡೆದು ಮೈಸೂರಿಗೆ ಹೋಗಿದ್ದರು. ಆರು ತಿಂಗಳಿಗೆ ವನಜಾ ಆಂಟಿ ಫೋನ್ ಮಾಡಿ, ಹೃದಯಾಘಾತ ಎಂದರು.

ಮೊನ್ನೆ ವಿಮಾನ ನಿಲ್ದಾಣದಲ್ಲಿ ಅದೇ ಅಧಿಕಾರಿಣಿ ನನ್ನ ಗುರುತು ಹಿಡಿದು ಹತ್ತಿರ ಬಂದರು.

"ನಿಮ್ಮ ಡಾಕ್ಟರ್ ಎಲ್ಲಿ? ಹೋದ ವಾರ ಒಂದು ಬಂದಿತ್ತು. ಅಸಲಿ. ಮೂರು ಸಲ ಫೋನ್ ಮಾಡಿದೆ, ಹೋಗಲೇ ಇಲ್ಲ. ಅವರಿಗೆ ಹೇಳಿ, ಆಯ್ತಾ?"

ಇನ್ನಿಲ್ಲ ಎನ್ನಲು ಬಾಯಿ ಬರಲಿಲ್ಲ. "ಅಸಾಂಟೆ ಮೇಡಂ," ಎಂದು ಅವರ ಸ್ವಾಹಿಲಿಯಲ್ಲೇ ಥ್ಯಾಂಕ್ಸ್ ಅಂದೆ, "ಹೇಳ್ತೀನಿ."