ಈರವ್ವ ಮತ್ತು ವಿಮಾನದ ನಲ್ಲಿಗಾಡಿ

ಸಂಜಯನಗರದ ಆ ವಠಾರದಲ್ಲಿ ಈರವ್ವ ಬರುವ ತನಕ ಮೂಗು ಇದ್ದದ್ದು ಉಸಿರಾಡಲಿಕ್ಕೆ. ಅವಳು ಬಂದ ಮೇಲೆ ಅದಕ್ಕೆ ಪೊಲೀಸ್ ಕೆಲಸವೂ ಸೇರಿತು. ಹಾಲಿನವನ ಕ್ಯಾನು, ಕಿರಾಣಿ ಅಂಗಡಿಯ ಎಣ್ಣೆ, ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಹುಳಿ, ಯಾವುದನ್ನೂ ಮೂಸದೆ ಅವಳು ಹೊಸಿಲು ದಾಟಿಸುತ್ತಿರಲಿಲ್ಲ. ಹುಳಿ ಕೊಟ್ಟವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ಅದು ಅವರ ಹಣೆಬರಹ ಎನ್ನುವ ಹೆಂಗಸು ಆಕೆ.

ಹುಟ್ಟಿನಿಂದ ಹೀಗಿದ್ದವಳಲ್ಲ. ಗದಗಿನ ಕಡೆ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದ ಗಂಡ ನಾಗಲಿಂಗಪ್ಪ ಹೊಟ್ಟೆನೋವು ಎಂದು ದಿನಾ ಸಂಜೆ ಒಂದು ಸೀಸೆ ಕಷಾಯ ತರುತ್ತಿದ್ದ. ಶುಂಠಿಯ ಘಾಟು ಮೂಗಿಗೆ ಬಡಿಯುತ್ತಿತ್ತು. ಪಂಡಿತರು ಕೊಟ್ಟದ್ದು ಎಂದ, ನಂಬಿದಳು. ಬೆಚ್ಚಗೆ ಮಾಡಿ ಕೊಟ್ಟರೆ ಬೇಗ ಗುಣವಾದೀತು ಎಂದು ತಾನೇ ಒಲೆಯ ಮೇಲಿಟ್ಟು ಕಾಯಿಸಿಯೂ ಕೊಟ್ಟಳು. ಅವನು ತೀರಿಕೊಂಡಾಗ ಸರ್ಕಾರಿ ಡಾಕ್ಟರು, ಇಷ್ಟು ವರ್ಷ ಸಾರಾಯಿ ಕುಡಿಯಲು ಬಿಟ್ಟಿದ್ದೀರಲ್ಲ ತಾಯಿ ಎಂದು ಬೈದರು. ಸಾರಾಯಿಗೆ ಶುಂಠಿ ಅರೆದು ಹಾಕಿಸಿಕೊಂಡು ಬರುತ್ತಿದ್ದನಂತೆ, ಜಾಣ. ಊರಿಗೆಲ್ಲ ಗೊತ್ತಿತ್ತು, ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಗಂಡ ಹೋದ ದುಃಖಕ್ಕಿಂತ ತಾನೇ ಕಾಯಿಸಿ ಕೊಟ್ಟೆನಲ್ಲ ಎಂಬ ಸಂಕಟ ಅವಳನ್ನು ಹೆಚ್ಚು ತಿಂದಿತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಈರವ್ವ ತಣ್ಣೀರನ್ನೂ ಊದುತ್ತಿದ್ದಳು.

ಉಳಿದವನು ಒಬ್ಬನೇ ಮಗ, ಸಂಗಪ್ಪ. ಯಶವಂತಪುರದ ಒಂದು ಸೋಡಾ ಕಾರ್ಖಾನೆಯಲ್ಲಿ ಗ್ಯಾಸು ತುಂಬುವ ಕೆಲಸ ಸಿಕ್ಕ ಮೇಲೆ ತಾಯಿಯನ್ನು ಕರೆಸಿಕೊಂಡಿದ್ದ. ಇವನೊಬ್ಬ ಅಪ್ಪನ ದಾರಿ ಹಿಡಿಯದಿದ್ದರೆ ಸಾಕು, ಈರವ್ವನಿಗೆ ಬೇರೆ ಏನೂ ಬೇಕಿರಲಿಲ್ಲ. ಒಡವೆ ಬೇಡ, ಸೊಸೆ ನಿಧಾನಕ್ಕೆ ಬರಲಿ, ಮಗ ಮಾತ್ರ ಕೈ ತಪ್ಪಬಾರದು. ಅವನು ಬಿಚ್ಚಿಟ್ಟ ಅಂಗಿಯನ್ನು ಒಗೆಯುವ ಮುಂಚೆ ಮೂಗಿಗೆ ಹಿಡಿದು ನೋಡದ ದಿನವಿಲ್ಲ.

ಎಂಬತ್ತಾರರ ಬೇಸಿಗೆಯಲ್ಲಿ ಸಂಗಪ್ಪ ಸೋಡಾ ಬಿಟ್ಟು ವಿಮಾನ ಸೇರಿದ. ಜಕ್ಕೂರಿನ ಏರೋಡ್ರೋಮಿನಲ್ಲಿ ಯಾರೋ ಸಾಹುಕಾರರು ಒಂದು ಹಳೆಯ ಡಕೋಟಾ ವಿಮಾನ ಇಟ್ಟುಕೊಂಡು, ಹಂಪಿ ನೋಡುವವರನ್ನು ಬಳ್ಳಾರಿಯವರೆಗೆ ಹಾರಿಸುವ ಕಂಪನಿ ತೆಗೆದಿದ್ದರು. ಆ ಸಾಹುಕಾರರು ಎಲ್ಲೋ ಪರದೇಶದಲ್ಲಿ ನಲ್ಲಿ ತಿರುಗಿಸಿ ತಂಪು ಪಾನೀಯ ಹಿಡಿಯುವುದನ್ನು ನೋಡಿ ಬಂದಿದ್ದರಂತೆ. ಬಾಟಲಿ ಭಾರ, ಒಡೆಯುತ್ತದೆ, ಖಾಲಿಯಾದರೂ ಹೊತ್ತು ತರಬೇಕು. ಅದರ ಬದಲು ವಿಮಾನದ ಸೀಟುಗಳ ನಡುವಿನ ಓಣಿಯಲ್ಲಿ ಹಿಡಿಸುವಂಥ ಸಣ್ಣ ಚಕ್ರದ ಗಾಡಿ, ಗಾಡಿಯ ಹೊಟ್ಟೆಯಲ್ಲಿ ಒಂದು ಡ್ರಮ್ಮು, ಮಗ್ಗುಲಲ್ಲಿ ಗ್ಯಾಸಿನ ಸಿಲಿಂಡರು, ತಲೆಯ ಮೇಲೆ ಬಾಗಿದ ನಲ್ಲಿ. ಗ್ಯಾಸು ತಳ್ಳುತ್ತದೆ, ನಲ್ಲಿಯಲ್ಲಿ ಶುಂಠಿ ನಿಂಬೆಯ ಪಾನಕ ನೊರೆ ಕಟ್ಟಿ ಇಳಿಯುತ್ತದೆ. ಗ್ಯಾಸಿನ ಪರಿಚಯ ಇದ್ದವನೆಂದು ಸಂಗಪ್ಪನನ್ನು ಗಾಡಿಗೆ ಇಟ್ಟುಕೊಂಡರು. ದೊಡ್ಡವರು ಬರುವ ಮೊದಲನೆಯ ಹಾರಾಟ ಸುಸೂತ್ರವಾಗಿ ಆದರೆ ಕೆಲಸ ಕಾಯಂ ಎಂದು ಮೇನೇಜರು ಪಂಚಪ್ಪ ಮಾತು ಕೊಟ್ಟಿದ್ದ.

ಸಂಗಪ್ಪ ಇದನ್ನೆಲ್ಲ ತಾಯಿಗೆ ಹೇಳಿದ. ಹೇಳಿದ್ದೇ ತಪ್ಪಾಯಿತು. ಶುಂಠಿ ಎಂಬ ಮಾತು ಕಿವಿಗೆ ಬಿದ್ದದ್ದೇ ಈರವ್ವನ ಮುಖ ಬಿಗಿಯಿತು.

"ನಿಮ್ಮಪ್ಪಾನೂ ಶುಂಠಿ ಅಂತಲೇ ಹೇಳತಿದ್ದ," ಎಂದಳು.

ಸಂಗಪ್ಪ ನಕ್ಕುಬಿಟ್ಟ. ಅದು ಎರಡನೆಯ ತಪ್ಪು. ಅವರಪ್ಪನೂ ಹೀಗೆಯೇ ನಗುತ್ತಿದ್ದ.

ಮೂರನೆಯ ತಪ್ಪನ್ನು ಅವನು ಮನೆಗೇ ಹೊತ್ತು ತಂದ. ನಲ್ಲಿಯನ್ನೂ ಅದರ ಕೊಳವೆಯನ್ನೂ ಕುದಿಯುವ ನೀರಿನಲ್ಲಿ ತೊಳೆಯದಿದ್ದರೆ ಪಾನಕ ಹಳಸಲು ವಾಸನೆ ಹೊಡೆಯುತ್ತದೆ. ಜಕ್ಕೂರಿನ ಶೆಡ್ಡಿನಲ್ಲಿ ಒಲೆಯಿಲ್ಲ. ಹಾಗಾಗಿ ದಿನಾ ಸಂಜೆ ಅವನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ತರುವುದು, ಬೆಳಿಗ್ಗೆ ಕುದಿಸಿ ಒಣಗಿಸಿ ಒಯ್ಯುವುದು. ಲಿಂಗಪೂಜೆ ಮಾಡುವ ಅಡುಗೆಮನೆಯೊಳಗೆ ಅದು ಬರಕೂಡದು ಎಂದು ಈರವ್ವ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ಮಗ ಅತ್ತ ಹೋದಾಗ ಕೊಳವೆಯನ್ನು ಮೂಸಿದಳು. ಶುಂಠಿ ಇತ್ತು, ನಿಂಬೆ ಇತ್ತು. ಅವುಗಳ ಅಡಿಯಲ್ಲಿ ಇನ್ನೇನೋ ಇತ್ತು. ಹುಳಿತ ಧಾನ್ಯದ, ಮುಗ್ಗಿದ, ಅವಳಿಗೆ ಹೆಸರು ಹೇಳಲು ಬಾರದ ಒಂದು ವಾಸನೆ.

ಡ್ರಮ್ಮು ಹೊಸದೇನಪಾ ಎಂದು ಕೇಳಿದಳು. ಹೊಸದು ಎಂದ ಸಂಗಪ್ಪ. ಪಾಪದವನು ತಾಯಿಗೆ ಹೇಳಿದ ಒಂದೇ ಒಂದು ಸುಳ್ಳು ಅದು. ಆ ಸುಳ್ಳನ್ನು ಬಯಲಿಗೆಳೆದವಳು ಮನೆ ಮಾಲೀಕಳಾದ ಗೌರಮ್ಮ. ಹೆಬ್ಬಾಳದ ಹಳೆಯ ಒಕ್ಕಲು ಮನೆತನದವಳು. ಅವಳ ತಮ್ಮ ಲಕ್ಕಣ್ಣನ ಹೊಲ ಏರೋಡ್ರೋಮಿನ ಬೇಲಿಗೆ ಅಂಟಿಕೊಂಡಿತ್ತು.

"ಇಂಗೇಳ್ತೀನಿ ಅಂತ ತಪ್ ತಿಳ್ಕೋಬ್ಯಾಡ ಕಣಕ್ಕ," ಎಂದಳು ಗೌರಮ್ಮ, ತಪ್ಪು ತಿಳಿಯಲಿ ಎಂದೇ. "ನಮ್ ಲಕ್ಕಣ್ಣ ಕಣ್ಣಾರೆ ನೋಡವ್ನೆ. ಬೀರ್ ಕಂಪ್ನಿ ಲಾರಿಯಿಂದ್ಲೇ ಡ್ರಮ್ ಇಳಿಸಿದ್ರಂತೆ."

ಅದು ನಿಜವೇ. ಒಂದು ಬೀರು ಕಾರ್ಖಾನೆ ಮಾರಿದ ಹಳೆಯ ಡ್ರಮ್ಮುಗಳನ್ನು ಕಂಪನಿ ಅಗ್ಗಕ್ಕೆ ಕೊಂಡು ತಂದಿತ್ತು. ತಾಯಿಗೆ ಗೊತ್ತಾದರೆ ಉಪವಾಸ ಕೂತಾಳು ಎಂದು ಸಂಗಪ್ಪ ಮುಚ್ಚಿಟ್ಟಿದ್ದ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆಂದೇ ತಿಳಿಯುತ್ತಾರೆ. ಇವನು ಕೂತದ್ದಷ್ಟೇ ಅಲ್ಲ, ಮರವನ್ನೇ ಅಂಗಿಯಲ್ಲಿ ಮುಚ್ಚಲು ಹೋಗಿದ್ದ.

ಈರವ್ವ ಕೇಳಿದ್ದನ್ನು ನಂಬುವವಳಲ್ಲ, ಗೌರಮ್ಮನ ಮಾತನ್ನಂತೂ ಅಲ್ಲವೇ ಅಲ್ಲ. ಮರುದಿನ ಗೌರಮ್ಮನನ್ನೇ ಹೊರಡಿಸಿಕೊಂಡು ಬಸ್ಸು ಹತ್ತಿ, ಜಕ್ಕೂರು ಕೆರೆಯ ಏರಿಯ ಮೇಲೆ ನಡೆದು, ಲಕ್ಕಣ್ಣನ ರಾಗಿ ಹೊಲದ ಬದುವಿನಲ್ಲಿ ನಿಂತಳು. ತಂತಿಬೇಲಿಯ ಆಚೆ ವಿಮಾನ ಮೂತಿ ಎತ್ತಿಕೊಂಡು ನಿಂತಿತ್ತು. ಅದರ ನೆರಳಲ್ಲಿ ಬಿಳಿ ಟೋಪಿಯ ಸಂಗಪ್ಪ ಗಾಡಿ ತಳ್ಳಿಕೊಂಡು ಬಂದ. ನಲ್ಲಿ ತಿರುಗಿಸಿದ. ಗಾಜಿನ ಲೋಟಕ್ಕೆ ಹೊಂಬಣ್ಣದ್ದು ಇಳಿಯಿತು, ಮೇಲೆ ನಾಲ್ಕು ಬೆರಳು ನೊರೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ, ಆಮೇಲೆ ಗಟಗಟ ಕುಡಿದ. ಕುಡಿದು ಬಾಯಿ ಒರೆಸಿಕೊಂಡು, ಪಕ್ಕದಲ್ಲಿದ್ದವನ ಬೆನ್ನು ತಟ್ಟಿ ನಕ್ಕ.

ಅಳತೆ ಸರಿಯಿದೆಯೋ ಎಂದು ರುಚಿ ನೋಡುವುದು ಅವನ ಕೆಲಸ. ಹೊಲದ ಬದುವಿನ ಮೇಲೆ ನಿಂತವರಿಗೆ ಅದು ಹೇಗೆ ಗೊತ್ತಾಗಬೇಕು? ಈರವ್ವನಿಗೆ ಮಗ ಕಾಣಲೇ ಇಲ್ಲ, ಗಂಡ ಕಂಡ. ಗೌರಮ್ಮ ಏನೋ ಹೇಳುತ್ತಿದ್ದಳು. ಈರವ್ವ ಸೆರಗು ಬಾಯಿಗೆ ಒತ್ತಿಕೊಂಡು ಏರಿಯ ಕಡೆ ತಿರುಗಿ ನಡೆದುಬಿಟ್ಟಳು.

ಅವಳು ಬೈಯಲಿಲ್ಲ, ಅಳಲಿಲ್ಲ, ಆಣೆ ಹಾಕಿಸಿಕೊಳ್ಳಲಿಲ್ಲ. ಗಂಡನ ಕಾಲದಲ್ಲಿ ಆ ಮೂರನ್ನೂ ಮಾಡುವ ಅವಕಾಶವೇ ಸಿಕ್ಕಿರಲಿಲ್ಲ, ಈಗ ಅವುಗಳ ಮೇಲೆ ನಂಬಿಕೆಯೂ ಇರಲಿಲ್ಲ. ಅವಳಿಗೆ ನಂಬಿಕೆ ಇದ್ದದ್ದು ಒಂದರಲ್ಲಿ ಮಾತ್ರ. ಊರ ಮಠದ ಅಜ್ಜಾರು ಮಂತ್ರಿಸಿ ಕೊಟ್ಟ ವಿಭೂತಿ ಗಟ್ಟಿ ಅವಳ ಬಳಿ ಇತ್ತು. ಕುಡಿಯುವವನಿಗೆ ಗೊತ್ತಾಗದಂತೆ ಅದರ ಚೂರನ್ನು ಅವನು ಕುಡಿಯುವುದರಲ್ಲಿ ಬೆರೆಸಿದರೆ ಆ ಚಟದ ಮೇಲೇ ಹೇಸಿಕೆ ಬರುತ್ತದೆ ಎಂದು ಆ ಕಡೆಯ ಹೆಂಗಸರೆಲ್ಲ ನಂಬಿದ್ದರು. ನಾಗಲಿಂಗಪ್ಪನ ಗುಟ್ಟು ತಿಳಿಯುವ ಹೊತ್ತಿಗೆ ಅವನೇ ಇರಲಿಲ್ಲ. ಈ ಸಲ ತಡವಾಗಬಾರದು.

ದೊಡ್ಡವರು ಬರುವ ದಿನ ಬೆಳಿಗ್ಗೆ ಸಂಗಪ್ಪ ಸ್ನಾನಕ್ಕೆ ಹೋದ. ಕುದಿಸಿದ ನಲ್ಲಿ ಹಿತ್ತಿಲ ಕಟ್ಟೆಯ ಮೇಲೆ ಒಣಗುತ್ತಿತ್ತು. ಈರವ್ವ ಗಟ್ಟಿಯ ಮೂಲೆ ಮುರಿದು, ಶಿವಾ ಅಂದು, ಕೊಳವೆಯ ಬಾಯಿಗೆ ತುರುಕಿ ಪೊರಕೆಯ ಹಂಚಿಕಡ್ಡಿಯಿಂದ ಒಳಕ್ಕೆ ತಳ್ಳಿದಳು. ಅವನೊಬ್ಬನಿಗೆ ಮಾತ್ರವಲ್ಲ, ವಿಮಾನದ ಮಂದಿಗೆಲ್ಲ ಬುದ್ಧಿ ಬರಲಿ ಎಂದು ಸ್ವಲ್ಪ ದೊಡ್ಡ ಚೂರನ್ನೇ ಹಾಕಿದಳು. ಮಗ ಹಣೆಗೆ ವಿಭೂತಿ ಹಚ್ಚಿಕೊಂಡು, ಕಾಲಿಗೆ ನಮಸ್ಕರಿಸಿ, ನಲ್ಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ.

ಸಂಜೆ ಬಂದಾಗ ಅವನ ಅಂಗಿ ಮೈಗೆ ಅಂಟಿತ್ತು. ಮೆಟ್ಟಿಲ ಮೇಲೆ ಕೂತು ಅವನೇ ಹೇಳಿದ. ವಿಮಾನ ಮೇಲೇರಿತ್ತು, ಮುಂದಿನ ಸಾಲಿನಲ್ಲಿ ರೇಶ್ಮೆ ಜುಬ್ಬದ ಅತಿಥಿಗಳು. ನಲ್ಲಿ ತಿರುಗಿಸಿದರೆ ಮೊದಲು ಏನೂ ಬರಲಿಲ್ಲ. ಒಮ್ಮೆ ಕೆಮ್ಮಿತು. ಆಮೇಲೆ ನಲ್ಲಿಯ ತಲೆಯೇ ಹಾರಿ, ನಿಂಬೆಹುಳಿಗೆ ಸುಣ್ಣ ಬಿದ್ದಂತೆ ಬುಸುಬುಸು ಉಕ್ಕಿ, ಬಿಳಿ ರಾಡಿ ಛಾವಣಿಗೆ ಹೊಡೆದು ಜುಬ್ಬಗಳ ಮೇಲೆಲ್ಲ ಸುರಿಯಿತು. ಅತಿಥಿಗಳು ಕಿರುಚಾಡಿದರು. ವಿಮಾನ ಹಂಪಿ ಕಾಣದೆ ವಾಪಸ್ಸಾಯಿತು. ಇಳಿದು ಬಿಚ್ಚಿ ನೋಡಿದರೆ ಕೊಳವೆಯಲ್ಲಿ ಏನೋ ಬಿಳಿಯ ಗಟ್ಟಿ ಚೂರು ಸಿಕ್ಕಿಕೊಂಡಿತ್ತು, ಪಂಚಪ್ಪ ಅದನ್ನು ಕಾಗದದಲ್ಲಿ ಕಟ್ಟಿ ಮೇಜಿನ ಮೇಲಿಟ್ಟುಕೊಂಡಿದ್ದಾನೆ. ವಿಷವೋ ಏನೋ ಎಂದು ಎಲ್ಲರಿಗೂ ಗುಮಾನಿ.

"ತಾಜುದ್ದೀನ್‌ನ ಕೆಲಸ," ಎಂದ ಸಂಗಪ್ಪ. "ಡ್ರಮ್ ತುಂಬಿದಾಂವ ಅವನ. ಗಾಡಿ ಕೆಲಸ ನನಗ ಕೊಟ್ರಂತ ಅವಂಗ ಹೊಟ್ಟಿಕಿಚ್ಚು. ನಾನೂ ಹಂಗ ಹೇಳೀನಿ. ಅವಂಗ ನಾಳಿಂದ ಬರಬ್ಯಾಡ ಅಂದಾರ."

ತಾಜುದ್ದೀನ್ ಎಂದರೆ ಅಂದು ಬೇಲಿಯಾಚೆ ಮಗ ಯಾರ ಬೆನ್ನು ತಟ್ಟಿ ನಕ್ಕಿದ್ದನೋ ಅವನು. ಸಂಗಪ್ಪ ಚೀಲದಿಂದ ಒಂದು ಸೀಸೆ ತೆಗೆದು, ಅತಿಥಿಗಳಿಗೆಂದು ಮಾಡಿದ್ದು ಉಳಿದಿತ್ತು, ನೋಡು, ಎಂದು ಮುಂದೆ ಹಿಡಿದ. ಈರವ್ವ ಮೂಸಿದಳು. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಪರೀಕ್ಷೆಗೆಂದು ಬಾಯಿಗೇ ಹಾಕಿಕೊಂಡಳು. ಶುಂಠಿ, ನಿಂಬೆ, ಬೆಲ್ಲ. ಜಾತ್ರೆಗಳಲ್ಲಿ ಮಕ್ಕಳಿಗೆ ಕೊಡುವ ಪಾನಕ. ಅದರಲ್ಲಿ ಮತ್ತೇನೂ ಇರಲಿಲ್ಲ. ಸೀಸೆಯನ್ನು ಮೆಟ್ಟಿಲ ಮೇಲಿಟ್ಟು ಮಗನ ಪಕ್ಕ ಕೂತಳು.

"ನಾನ ಹಾಕೀನಪಾ," ಎಂದಳು. "ಅಜ್ಜಾರ ವಿಭೂತಿ."

ಸಂಗಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಅವನು ಕೂಗಾಡಲಿಲ್ಲ. "ನನ್ನ ಒಂದ ಮಾತ ಕೇಳಬೇಕಿತ್ತಲ್ಲಬೇ," ಎಂದ.

"ಕೇಳಿದ್ನಲ್ಲೋ. ನಂಬಲಿಲ್ಲ."

ಮರುದಿನ ಅವಳೇ ಜಕ್ಕೂರಿಗೆ ಹೋದಳು. ಪಂಚಪ್ಪನಿಗೆ ಅವಳ ಮಾತಿನ ಮೇಲೂ ಅನುಮಾನ. ನಿನ್ನೆ ದೂರು ಹೇಳಿದ ಮಗ ಈಗ ಮನಸ್ಸು ಕರಗಿ, ಸ್ನೇಹಿತನನ್ನು ಉಳಿಸಲು ತಾಯಿಗೆ ಹೇಳಿಕೊಟ್ಟು ಕಳಿಸಿದ್ದಾನೆ ಎಂದುಕೊಂಡ ಅವನು. ಈರವ್ವ ಸೊಂಟದ ಚೀಲದಿಂದ ಮುರುಕು ವಿಭೂತಿ ಗಟ್ಟಿ ತೆಗೆದಳು. ಅವನ ಮೇಜಿನ ಕಾಗದ ಬಿಚ್ಚಿ, ಒಳಗಿನ ಸವೆದ ಚೂರನ್ನು ಗಟ್ಟಿಯ ಮುರಿದ ಮೂಲೆಗೆ ಹೊಂದಿಸಿ ತೋರಿಸಿದಳು. ನಾಲ್ಕಾರು ಜನ ನೋಡುತ್ತ ನಿಂತಿದ್ದರು. ಸಂಬಳದ ಲೆಕ್ಕ ಮುಗಿಸಿಕೊಳ್ಳಲು ಬಂದ ತಾಜುದ್ದೀನ್ ಬಾಗಿಲ ಬಳಿಯೇ ಇದ್ದ. ಈರವ್ವ ಅವನ ಕಡೆ ತಿರುಗಿ ಕೈ ಮುಗಿದಳು. ಅವನು ಗಾಬರಿಯಿಂದ, ಬೇಡಮ್ಮ, ನೀವು ದೊಡ್ಡವರು, ಎಂದು ಹಿಂದೆ ಸರಿದ.

ತಾಜುದ್ದೀನ್‌ಗೆ ಕೆಲಸ ಮರಳಿ ಸಿಕ್ಕಿತು. ಸಂಗಪ್ಪನದು ಹೋಯಿತು. ವಿಮಾನಕ್ಕೆ ಮತ್ತೆ ಬಾಟಲಿಗಳೇ ಬಂದವು, ನಲ್ಲಿಗಾಡಿ ಶೆಡ್ಡಿನ ಮೂಲೆ ಸೇರಿತು. ಸಂಗಪ್ಪ ಯಶವಂತಪುರದ ಅದೇ ಸೋಡಾ ಕಾರ್ಖಾನೆಗೆ ಹೋಗಿ, ಬಿಟ್ಟುಹೋಗಿದ್ದಕ್ಕೆ ನಾಲ್ಕು ಮಾತು ಅನ್ನಿಸಿಕೊಂಡು, ಮತ್ತೆ ಗ್ಯಾಸು ತುಂಬತೊಡಗಿದ. ತಾಯಿಗೆ ಒಂದು ಕಟುನುಡಿ ಆಡಲಿಲ್ಲ. ತಿಂಗಳ ಸಾಮಾನು ತಂದ, ಅವಳ ಕೆಮ್ಮಿಗೆ ಔಷಧಿ ತಂದ. ಈರವ್ವನೂ ಅವನ ಅಂಗಿ ಮೂಸುವುದನ್ನು ಬಿಟ್ಟಳು. ಬಿಟ್ಟದ್ದನ್ನು ಹೇಳಿಕೊಳ್ಳಲು ಅವಳಿಗೆ ನಾಚಿಕೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ತಾಜುದ್ದೀನ್ ಮನೆಗೆ ಬಂದ. ಸಂಗಪ್ಪ ತಾನು ಹೇಳಿದ ಚಾಡಿಗೆ ಅವನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡಿದ್ದ; ಇಬ್ಬರೂ ಮತ್ತೆ ಜೊತೆಯಾಗಿದ್ದರು. ಈರವ್ವ ಸಂಭ್ರಮದಿಂದ ಮಜ್ಜಿಗೆ ಕಡೆದು, ಕೊತ್ತಂಬರಿ ಹಾಕಿ, ಎರಡು ಲೋಟ ತಂದಿಟ್ಟಳು. ತಾಜುದ್ದೀನ್ ಮಾತಿನ ನಡುವೆಯೇ ಎತ್ತಿ ಒಂದೇ ಗುಟುಕಿಗೆ ಮುಗಿಸಿ, ಇನ್ನೊಂದು ಲೋಟ ಕೊಡಿ ಅಮ್ಮ ಎಂದ.

ಸಂಗಪ್ಪ ತನ್ನ ಲೋಟವನ್ನು ಕಿಟಕಿಯ ಬೆಳಕಿಗೆ ವಾಲಿಸಿದ. ತಳದಲ್ಲಿ ಏನಾದರೂ ಕೂತಿದೆಯೋ ಎಂದು ಒಮ್ಮೆ ಅಲ್ಲಾಡಿಸಿ ನೋಡಿದ. ತಾನು ಹಾಗೆ ನೋಡುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಆಮೇಲೆ ಕುಡಿದ.

ಈರವ್ವನ ಕಣ್ಣಿಗೆ ಅದು ಬಿತ್ತು. ತಾಜುದ್ದೀನನ ಲೋಟ ತುಂಬಿಸಲು ಒಳಗೆ ಹೋದವಳು ತುಸು ಹೊತ್ತು ಹೊರಗೆ ಬರಲಿಲ್ಲ.