ಎಳೆಸಿಕೊಳ್ಳುವ ಗಾಡಿಯ ಎಡಗಾಲು

ಸುಟ್ಟ ರಬ್ಬರಿನ ವಾಸನೆ ಬಂದರೆ ನನಗೆ ಬೂಂದಿ ಲಾಡು ನೆನಪಾಗುತ್ತದೆ. ನಗಬೇಡಿ. ಮಲ್ಲಿಗೆ ಮೂಸಿ ಅಜ್ಜಿಯನ್ನು ನೆನೆಯುವವರ ಬರಹವನ್ನು ನೀವು ಕಣ್ಣೊರೆಸಿಕೊಂಡು ಓದುತ್ತೀರಿ. ನನ್ನ ಪಾಲಿಗೆ ಬಂದದ್ದು ಟೈರು, ನಾನೇನು ಮಾಡಲಿ?

ಮೊನ್ನೆ ತುಮಕೂರಿನಿಂದ ಕುಣಿಗಲ್‌ಗೆ ಹೊರಟ ಬಸ್ಸು ಹೆಬ್ಬೂರು ದಾಟಿದ ಮೇಲೆ ನಿಂತುಬಿಟ್ಟಿತು. ಮುಂದೆ ತೆಂಗಿನಕಾಯಿ ತುಂಬಿದ ಟ್ರಾಕ್ಟರ್ ಟ್ರೈಲರೊಂದು ಮಗ್ಗುಲಿಗೆ ವಾಲಿಕೊಂಡು ಅರ್ಧ ರಸ್ತೆಯನ್ನು ತನ್ನ ಸ್ವಂತದ್ದು ಮಾಡಿಕೊಂಡಿತ್ತು. ಟೈರಿನ ಮೈ ಕಿತ್ತು, ಕರಿಯ ಪಟ್ಟೆಗಳು ಟಾರಿನ ಮೇಲೆ ಉದ್ದಕ್ಕೂ ಬಿದ್ದಿದ್ದವು. ಆ ವಾಸನೆ ಕಿಟಕಿಯಿಂದ ಒಳಕ್ಕೆ ಬಂದದ್ದೇ ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ನನ್ನ ಬಾಯಲ್ಲಿ ನೀರೂರಿತು.

ಇದಕ್ಕೆಲ್ಲ ಕಾರಣ ನನ್ನ ಚಿಕ್ಕಪ್ಪ. ಗುಬ್ಬಿಯಲ್ಲಿ ಅವರದು ಲೈಟು, ಮೈಕು, ಜನರೇಟರು ಬಾಡಿಗೆಗೆ ಕೊಡುವ ಕಸುಬು. ತೊಂಬತ್ತರ ದಶಕದ ಕೊನೆಯ ಮಾತು. ಧಾರೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವುದು ಮದುವೆಯ ಶಾಸ್ತ್ರಗಳಲ್ಲೇ ಒಂದೇನೋ ಎನ್ನುವಷ್ಟು ಖಾತ್ರಿಯಿದ್ದ ಕಾಲ. ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿದ ಎರಡು ಚಕ್ರದ ಟ್ರೈಲರಿನ ಮೇಲೆ ಆನೆಮರಿಯಂಥ ಜನರೇಟರನ್ನು ಬೋಲ್ಟು ಬಿಗಿದು ಕೂರಿಸಿ, ಅದನ್ನು ಹಳೆಯ ಜೀಪಿಗೆ ಸಿಕ್ಕಿಸಿಕೊಂಡು ಛತ್ರದಿಂದ ಛತ್ರಕ್ಕೆ ತಿರುಗುತ್ತಿದ್ದರು. ಕುಣಿಗಲ್ ಕಡೆಗೆ ಹೋಗುವಾಗ ತುಮಕೂರಿನ ನಮ್ಮ ಮನೆಯ ಮುಂದೆ ಒಂದು ಹಾರ್ನು. ಭಾನುವಾರವಾದರೆ ನಾನು ಹತ್ತಿಕೊಳ್ಳುತ್ತಿದ್ದೆ. ಪಿಯುಸಿ ಓದುತ್ತಿದ್ದ ನನಗೆ ಲೈಟಿನಲ್ಲಾಗಲಿ ಮದುವೆಯಲ್ಲಾಗಲಿ ಯಾವ ಆಸಕ್ತಿಯೂ ಇರಲಿಲ್ಲ. ಇದ್ದದ್ದೆಲ್ಲ ಕುಣಿಗಲ್ ಛತ್ರದ ಅಡುಗೆಯವರು ಕಟ್ಟುತ್ತಿದ್ದ ಬೂಂದಿ ಲಾಡಿನಲ್ಲಿ.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳ ಹುಲಿ. ಪರವೋ ವಿರೋಧವೋ ಎಂದು ಚೀಟಿ ಎತ್ತಿಸುತ್ತಿದ್ದರು. ಯಾವುದು ಬಂದರೂ ನನಗೆ ಅದೇ ಸತ್ಯ. ಗೆದ್ದ ಕಪ್ಪುಗಳಲ್ಲಿ ಅಮ್ಮ ಪೆನ್ಸಿಲು, ಹೇರ್‌ಪಿನ್ನು ಹಾಕಿಡುತ್ತಿದ್ದಳು. ಮನೆಯಲ್ಲಿ ನನ್ನ ಎದುರು ಬಾಯಿ ತೆರೆಯಲು ಎಲ್ಲರೂ ಹಿಂಜರಿಯುತ್ತಿದ್ದರು. ಅದು ಗೌರವದಿಂದ ಎಂದು ನಾನು ತಿಳಿದಿದ್ದೆ. ಚಿಕ್ಕಪ್ಪ ಮಾತ್ರ ನಾನು ಜೀಪು ಹತ್ತಿದ ಕೂಡಲೇ ಕೇಳುತ್ತಿದ್ದರು:

"ಗೆದ್ದೇನವ್ವಾ?"

"ಗೆದ್ದೆ ಚಿಕ್ಕಪ್ಪ."

"ಎದುರಿಗಿದ್ದೋನು ಏನಂದ?"

ಅದು ನನಗೆ ನೆನಪಿರುತ್ತಿರಲಿಲ್ಲ. ನೆನಪಿಟ್ಟುಕೊಳ್ಳಬೇಕಾದ ಸಂಗತಿ ಎಂದೂ ಅನ್ನಿಸಿರಲಿಲ್ಲ.

ಈಗ ಟೈರಿನ ವಿಷಯಕ್ಕೆ ಬರುತ್ತೇನೆ. ಟ್ರೈಲರಿಗೆ ಹೊಸ ಟೈರು ಎಂಬುದು ನಮ್ಮ ಕಡೆ ಯಾರೂ ಕೇಳಿರದ ದುಂದು. ಜೀಪಿನಲ್ಲಿ ಸವೆದು ನುಣ್ಣಗಾದ ಟೈರಿಗೆ ರೀಟ್ರೆಡಿಂಗ್ ಅಂಗಡಿಯಲ್ಲಿ ಹೊಸ ಮೈ ಅಂಟಿಸಿ ಟ್ರೈಲರಿಗೆ ಹಾಕುವುದು ಪದ್ಧತಿ, ದೊಡ್ಡಣ್ಣನ ಅಂಗಿ ಚಿಕ್ಕವನಿಗೆ ಇಳಿದ ಹಾಗೆ. ನಾನು ತಕರಾರು ತೆಗೆದರೆ ಚಿಕ್ಕಪ್ಪನ ಹತ್ತಿರ ಸಿದ್ಧ ಉತ್ತರವಿತ್ತು: "ಟ್ರೈಲರೇನು ಓಡ್ತೈತಾ? ಓಡಾದು ಜೀಪು. ಅದು ಬರೀ ಎಳುಸ್ಕತೈತೆ." ಅಷ್ಟೇ ಅಲ್ಲ, ಜನರೇಟರಿಗೆ ಕುಲುಕು ಆಗಬಾರದೆಂದು ಗಾಳಿಯನ್ನೂ ಒಂದಿಷ್ಟು ಕಮ್ಮಿಯೇ ಹಿಡಿಸುತ್ತಿದ್ದರು.

ಆ ವರ್ಷದ ಮದುವೆಯ ಸೀಸನ್ನಿನಲ್ಲಿ ಟೈರು ಮೇಲಿಂದ ಮೇಲೆ ಒಡೆಯತೊಡಗಿತು. ಪಂಕ್ಚರ್ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಹಾಗಲ್ಲ. ಹೆಬ್ಬೂರಿನಾಚೆ ಒಳ್ಳೆ ರಸ್ತೆಯಲ್ಲಿ ಹೋಗುತ್ತಿರುವಾಗಲೇ ಢಂ ಎಂದು ಸದ್ದು, ಆಮೇಲೆ ಪಟಪಟ ಬಡಿತ, ಆಮೇಲೆ ಆ ವಾಸನೆ. ಜನರೇಟರಿನ ಭಾರಕ್ಕೆ ಜಾಕು ಮಣ್ಣಿನೊಳಕ್ಕೆ ಇಳಿದುಹೋಗುತ್ತಿತ್ತು. ಅಕ್ಕಪಕ್ಕದ ತೋಟದಿಂದ ಕಲ್ಲುಚಪ್ಪಡಿ ಹುಡುಕಿ ತಂದು, ಸ್ಟೆಪ್ನಿ ಹಾಕಿ ಛತ್ರ ಮುಟ್ಟುವಷ್ಟರಲ್ಲಿ ಧಾರೆ ಮುಗಿದಿರುತ್ತಿತ್ತು. ನಮಗೆ ಸಿಗುತ್ತಿದ್ದದ್ದು ಕೊನೆಯ ಪಂಕ್ತಿ. ಕೈಗೆ ಅಂಟಿದ ರಬ್ಬರಿನ ಕಪ್ಪು ತೊಳೆದರೂ ಹೋಗುತ್ತಿರಲಿಲ್ಲ, ಅದೇ ಕೈಯಲ್ಲಿ ಲಾಡು. ನನ್ನ ಮೂಗು ಕೆಟ್ಟದ್ದು ಹೀಗೆ.

ಎರಡನೆಯ ಸಲ ಹೀಗಾದಾಗ ಛತ್ರದ ಮೇನೇಜರು ಬಾಗಿಲಲ್ಲೇ ನಿಂತಿದ್ದರು.

"ಏನ್ ಸ್ವಾಮಿ, ನಿಮ್ ಜನರೇಟರು ಧಾರೆಗೆ ಬತ್ತೈತೋ ಊಟಕ್ ಬತ್ತೈತೋ? ಹೆಣ್ಣಿನ್ ಕಡೆಯೋರು ಮೇಣದಬತ್ತಿ ಹಚ್ಕಂಡು ತಾಳಿ ಕಟ್ಸವ್ರೆ. ಇನ್ನೊಂದ್ಸಲ ಹಿಂಗಾದ್ರೆ ನಾನು ಬೇರೇರ್ನ ನೋಡ್ಕತೀನಿ, ಬ್ಯಾಸರ ಮಾಡ್ಕಬ್ಯಾಡಿ."

ಚಿಕ್ಕಪ್ಪನ ಕಸುಬಿನಲ್ಲಿ ಅರ್ಧ ಆ ಛತ್ರದ ಮದುವೆಗಳೇ. ಅದು ತಪ್ಪಿದರೆ ಜೀಪು ಮಾರಬೇಕು, ಇಲ್ಲವೇ ಜನರೇಟರು ಮಾರಬೇಕು. ಎರಡರಲ್ಲಿ ಒಂದನ್ನೇ ಇಟ್ಟುಕೊಂಡು ಮಾಡುವುದೇನು?

ಚಿಕ್ಕಮ್ಮ ಇದನ್ನು ದೃಷ್ಟಿ ಎಂದರು. ಟ್ರೈಲರಿನ ಬಲಗಡೆಯ ಕೊಂಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಮೂರನೆಯ ಟೈರು ಒಡೆಯಿತು. ಪುಣ್ಯಕ್ಕೆ ಆ ದಿನ ಗುಬ್ಬಿಗೆ ಮರಳುವಾಗ ಒಡೆದದ್ದರಿಂದ ಛತ್ರದವರಿಗೆ ಗೊತ್ತಾಗಲಿಲ್ಲ. ರಜೆಗೆಂದು ಗುಬ್ಬಿಯಲ್ಲೇ ಇದ್ದ ನನಗಂತೂ ಹಬ್ಬ.

"ನೋಡಿದ್ರಾ ಚಿಕ್ಕಮ್ಮ? ನಿಂಬೆಹಣ್ಣು ಕಟ್ಟಿದ ಮೇಲೂ ಒಡೀತು."

ಚಿಕ್ಕಮ್ಮ ತಣ್ಣಗೆ ಹೇಳಿದರು: "ಯಾವ್ದೇ ಒಡ್ದಿದ್ದು? ಎಡಗಡೇದು. ನಾನು ಕಟ್ಟಿದ್ದು ಬಲಗಡೆ. ಅದುಕ್ಕೇ ಬಲಗಡೇದು ಗಟ್ಟಿಯಾಗೈತೆ."

ಇಂಥ ವಾದವನ್ನು ಯಾವ ತೀರ್ಪುಗಾರರೂ ಒಪ್ಪುವುದಿಲ್ಲ ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಮುಂದಿನ ಕುಣಿಗಲ್ ಮದುವೆಗೆ ಇನ್ನೊಂದು ವಾರವಿತ್ತು. ಗುಬ್ಬಿಯ ಮನೆಯ ಜಗಲಿ, ಮಧ್ಯಾಹ್ನ. ಚಿಕ್ಕಮ್ಮ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ಒಡೆದ ಟೈರು ಅಂಗಳದಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ನಾನು ಅದನ್ನು ಸಾಕ್ಷಿಯಾಗಿ ತೋರಿಸುತ್ತ ಹಳೆಯ ಟೈರು, ರೀಟ್ರೆಡಿಂಗ್ ಅಂಗಡಿಯವನ ಅಂಟು, ಚಿಕ್ಕಪ್ಪನ ಜಿಪುಣತನ ಮೂರನ್ನೂ ಒಟ್ಟಿಗೆ ಕಟಕಟೆಗೆ ಹತ್ತಿಸಿದೆ. ಎಲ್ಲ ಕೇಳಿಸಿಕೊಂಡ ಮೇಲೆ ಚಿಕ್ಕಪ್ಪ ಬೀಡಿ ಆರಿಸಿದರು.

"ನೀನು ಕಾಲೇಜಲ್ಲಿ ಎರಡೂ ಕಡೆ ಮಾತಾಡ್ತೀಯಲ್ವಾ?"

"ಚೀಟಿ ಯಾವುದು ಬರುತ್ತೋ ಅದು."

"ಹಂಗಾರೆ ಈಗ ಚೀಟಿ ನನ್ ಕಡೆ ಬಂದೈತೆ ಅನ್ಕ. ಟೈರಿಂದು ತಪ್ಪಿಲ್ಲ ಅಂತ ಮಾತಾಡು. ನಂಗೆ ಬಾಯಿ ಬರಲ್ಲ, ನಿಂಗೆ ಬತ್ತೈತೆ. ಒಳ್ಳೇ ಲಾಯರಮ್ಮ ಮನೇಲಿದ್ದೂ ನಾನು ಸುಮ್ಸುಮ್ನೆ ಸೋಲ್ಲಾ?"

ಕೆಣಕಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಎದ್ದು ನಿಂತೆ. ಹುಣಸೆಹಣ್ಣಿನ ರಾಶಿಗೆ ನಮಸ್ಕರಿಸಿ "ಮಾನ್ಯ ತೀರ್ಪುಗಾರರೇ" ಎಂದೆ. ಹಳೆಯ ಟೈರು ಒಡೆಯುತ್ತದೆ ಎಂಬುದು ವಿರೋಧಿಗಳ ವಾದ. ಆದರೆ ಟ್ರೈಲರಿನ ಬಲಗಡೆಯ ಟೈರೂ ಅಷ್ಟೇ ಹಳೆಯದು. ಅದೇ ಜೀಪಿನಿಂದ ಇಳಿದದ್ದು, ಅದೇ ಅಂಗಡಿಯಲ್ಲಿ ಮೈ ಹಾಕಿಸಿಕೊಂಡದ್ದು, ಅದೇ ರಸ್ತೆಯಲ್ಲಿ ಓಡಿದ್ದು. ಮುಪ್ಪೇ ಕಾರಣವಾಗಿದ್ದರೆ ಅದೂ ಒಂದು ಸಲವಾದರೂ ಒಡೆಯಬೇಕಿತ್ತು. ಒಡೆದಿಲ್ಲ, ಮೂರು ಸಲವೂ ಹೋದದ್ದು ಎಡಗಡೆಯದೇ. ಆದ್ದರಿಂದ...

"ನಿಂಬೆಹಣ್ಣು!" ಎಂದರು ಚಿಕ್ಕಮ್ಮ.

"ಸುಮ್ನಿರಿ ಚಿಕ್ಕಮ್ಮ," ಎಂದೆ. ಎಂದವಳು ನಾನೇ ಸುಮ್ಮನಾಗಿಬಿಟ್ಟೆ. ಅಷ್ಟು ದಿನ ಒಡೆದ ಟೈರನ್ನೇ ನೋಡುತ್ತಿದ್ದೆ. ಒಡೆಯದೆ ಉಳಿದ ಟೈರಿನ ಕಡೆ ನೋಡಿದವರು ಆ ಮನೆಯಲ್ಲಿ ಚಿಕ್ಕಮ್ಮ ಒಬ್ಬರೇ. ಅವರು ಕೊಟ್ಟ ಕಾರಣವನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು: ಎಡಗಡೆಗೆ ಇರುವುದೇನು, ಬಲಗಡೆಗೆ ಇಲ್ಲದ್ದೇನು?

"ಚಿಕ್ಕಪ್ಪ, ಸಾಮಾನು ಯಾವ ಕಡೆಯಿಂದ ತುಂಬ್ತೀರಿ?"

"ಇನ್ಯಾವ ಕಡೆ? ಎಡಗಡೆಯಿಂದ್ಲೇ. ಛತ್ರದ್ ಮುಂದೆ ನಿಲ್ಸಿದ್ರೆ ಬಾಗ್ಲು ಬರಾದು ಎಡುಕ್ಕೆ ತಾನೆ? ಬಲಗಡೆ ನಿಂತು ಇಳುಸ್ತೀನಿ ಅಂದ್ರೆ ಲಾರಿಯೋರು ನಮ್ಮನ್ನೇ ಇಳುಸ್ಬುಡ್ತಾರೆ."

ಮೂವರೂ ಎದ್ದು ಹೋಗಿ ನೋಡಿದೆವು. ಕೇಬಲ್ಲು ಸುತ್ತಿದ ಉರುಳೆಗಳು, ಡೀಸೆಲ್ ಕ್ಯಾನುಗಳು, ಲೈಟಿನ ಕಬ್ಬಿಣದ ಸ್ಟ್ಯಾಂಡುಗಳು ಎಲ್ಲ ಜನರೇಟರಿನ ಎಡಮಗ್ಗುಲಲ್ಲಿ, ಇಳಿಸುವವರ ಕೈಗೆ ಹತ್ತಿರವಾಗಿ, ಒಪ್ಪವಾಗಿ ಕೂತಿದ್ದವು. ಬಲಗಡೆ ಒಂದು ಕೊಡೆ ಇತ್ತು.

"ಅಯ್ಯೋ ಶಿವನೇ," ಎಂದರು ಚಿಕ್ಕಪ್ಪ.

ಮಾರನೆಯ ದಿನ ತುಮಕೂರಿನ ಮಂಡಿಯ ಹತ್ತಿರದ ವೇಬ್ರಿಡ್ಜಿಗೆ ಹೋದೆವು. ಲಾರಿ ತೂಗುವ ಆ ಕಬ್ಬಿಣದ ಹಲಗೆಯ ಮೇಲೆ ಎಡಚಕ್ರವನ್ನು ಮಾತ್ರ ಹತ್ತಿಸಿ, ಬಲಚಕ್ರವನ್ನು ಹೊರಗೇ ಬಿಟ್ಟೆವು. ತೂಗುವವನು ಕಿಟಕಿಯಿಂದ ಇಣುಕಿದ.

"ಏನ್ರೀ ಯಜಮಾನ್ರೇ, ಗಾಡೀದು ಒಂದ್ಕಾಲು ತೂಗ್ಸಾಕ್ ಬಂದಿದೀರಾ?"

"ಆ ಕಾಲ್ಗೇ ಕಣಪ್ಪಾ ಕಾಯ್ಲೆ," ಎಂದರು ಚಿಕ್ಕಪ್ಪ.

ಆಮೇಲೆ ಬಲಗಾಲು. ಎಡಗಡೆಯ ಭಾರ ಎಷ್ಟು ಹೆಚ್ಚಿತ್ತೆಂದರೆ ತೂಗುವವನೇ ಹೊರಗೆ ಬಂದು ಇನ್ನೊಮ್ಮೆ ನೋಡಿದ. ಸಾಮಾನನ್ನು ಎರಡೂ ಕಡೆ ಹಂಚಿ ಮತ್ತೆ ತೂಗಿಸಿದೆವು. ಈಗ ಸಮ ಬಂತು. ಆದರೆ ಟೈರಿನ ಮಗ್ಗುಲಲ್ಲಿ ಅಚ್ಚಾಗಿದ್ದ, ಅದು ಹೊರಬಲ್ಲ ಭಾರಕ್ಕೂ ಅದರ ಮೇಲೆ ಬೀಳುತ್ತಿದ್ದ ಭಾರಕ್ಕೂ ಆಗಲೂ ತಾಳೆಯಾಗಲಿಲ್ಲ. ಅಂದರೆ ಟೈರೊಂದನ್ನೇ ದೂರಬಾರದು ಎಂದ ಚಿಕ್ಕಪ್ಪನೂ ಗೆದ್ದರು, ಈ ಟೈರು ಆಗದು ಎಂದ ನಾನೂ ಗೆದ್ದೆ. ಇಂಥ ತೀರ್ಪು ನಾನು ಗೆದ್ದ ಯಾವ ಕಪ್ಪಿನ ಮೇಲೂ ಇಲ್ಲ.

ಅಲ್ಲಿಂದ ನೇರ ಟೈರಿನಂಗಡಿಗೆ. "ಟ್ರೈಲರಿಗಾ?" ಎಂದು ಅಂಗಡಿಯವರು ಮೂಲೆಯಲ್ಲಿದ್ದ ಸೆಕೆಂಡ್ ಹ್ಯಾಂಡ್ ರಾಶಿಯ ಕಡೆ ಕೈ ತೋರಿಸಿದರು. ಚಿಕ್ಕಪ್ಪ ಅತ್ತ ತಿರುಗಲಿಲ್ಲ. "ಎಷ್ಟು ದಿನ ಬತ್ತೈತೆ ಅಂತ ಆಮೇಲೆ ಹೇಳಿ. ಎಷ್ಟು ಹೊರ್ತೈತೆ ಅದನ್ನೇಳಿ ಮೊದ್ಲು." ಅಂಗಡಿಯವರು ಸಾಮಾನು ಸಾಗಿಸುವ ಸಣ್ಣ ಲಾರಿಗಳಿಗೆ ಹಾಕುವ ಟೈರು ತೆಗೆದರು. ಒಳಪದರ ಹೆಚ್ಚು, ಮಗ್ಗುಲು ಗಟ್ಟಿ, ಒತ್ತಿದರೆ ಬಾಗದು. ಮೆತ್ತನೆಯ ಮಗ್ಗುಲು ಭಾರಕ್ಕೆ ಬಾಗಿ ಬಾಗಿಯೇ ಕಾಯುತ್ತದೆ, ಕಾದ ಮೇಲೆ ಅದರ ಪದರಗಳು ಒಂದನ್ನೊಂದು ಬಿಡುತ್ತವೆ, ಗಾಳಿ ಕಮ್ಮಿಯಿದ್ದರಂತೂ ಕೇಳುವುದೇ ಬೇಡ ಎಂದರು. ಹೊಸ ಟೈರು ಅಗಲವಾದ್ದರಿಂದ ರಿಮ್ಮೂ ಬದಲಾಗಬೇಕಾಯಿತು. ಗಾಳಿ ಪೂರ್ತಿ ಹಿಡಿಸಿದರೆ ಜನರೇಟರಿಗೆ ಕುಲುಕಾಗುತ್ತದಲ್ಲ ಎಂಬ ಚಿಂತೆಗೆ ಚಿಕ್ಕಪ್ಪನೇ ದಾರಿ ಕಂಡುಕೊಂಡರು. ಒಡೆದ ಟೈರುಗಳನ್ನು ಕೊಯ್ದು, ಆ ದಪ್ಪ ತುಂಡುಗಳನ್ನೇ ಜನರೇಟರಿನ ಕಾಲುಗಳಡಿ ಮೆತ್ತೆಯಾಗಿ ಇಟ್ಟು ಬೋಲ್ಟು ಬಿಗಿದರು. ನಮ್ಮನ್ನು ನಡುದಾರಿಯಲ್ಲಿ ಕೈಬಿಟ್ಟವು ಕೊನೆಗೆ ಹಾಗೆ ಕೆಲಸಕ್ಕೆ ಬಂದವು.

ಜೀಪಿನ ಹೊಸ ಟೈರಿಗೆಂದು ತೆಗೆದಿಟ್ಟಿದ್ದ ದುಡ್ಡು ಟ್ರೈಲರಿನ ಕಾಲಿಗೆ ಹೋಯಿತು. ಗುಬ್ಬಿಯ ಬೀದಿಯಲ್ಲಿ ಅದೇ ಮಾತು. "ಏನ್ಲಾ, ಹಿತ್ಲು ಬಾಗ್ಲಿಗೆ ತೋರ್ಣ ಕಟ್ಟಿದೀಯ?" ಎಂದು ಪಕ್ಕದ ಅಂಗಡಿಯವನು ಛೇಡಿಸಿದ. ಚಿಕ್ಕಪ್ಪ ನಕ್ಕುಬಿಟ್ಟರು. ಆದರೆ ಕುಣಿಗಲ್ ಮೇನೇಜರಿಗೆ ಫೋನಿನಲ್ಲಿ ಅವರು ಹೇಳಿದ ಮಾತು ನನ್ನ ಕಿವಿಗೂ ಬಿತ್ತು: "ಇನ್ಮೇಲೆ ಹಂಗಾಗಲ್ಲ ಸ್ವಾಮಿ. ನಮ್ಮುಡುಗಿ ಹೇಳವ್ಳೆ."

ಅದುವರೆಗೆ ನನ್ನ ಮಾತನ್ನು ಜನ ಕೇಳಿ ಚಪ್ಪಾಳೆ ತಟ್ಟಿದ್ದರು. ನಂಬಿ ಕಸುಬನ್ನು ಅದರ ಮೇಲೆ ಇಟ್ಟವರು ಯಾರೂ ಇರಲಿಲ್ಲ. ಆ ಭಾನುವಾರ ಬೆಳಿಗ್ಗೆ ಜೀಪಿನಲ್ಲಿ ನಾನು ಹಿಂದಕ್ಕೇ ತಿರುಗಿ ಕೂತೆ. ಪ್ರತಿ ಸದ್ದಿಗೂ ಕತ್ತು ಚಾಚಿ ಎಡಗಡೆಯ ಟೈರನ್ನು ನೋಡುತ್ತಿದ್ದೆ. ಟ್ರೈಲರಿನ ಎರಡೂ ಕಡೆ ನಿಂಬೆಹಣ್ಣು ತೂಗಾಡುತ್ತಿತ್ತು. "ನೀವು ತೂಕ ಸಮ ಮಾಡಿದ್ರಿ, ನಾನೂ ಮಾಡ್ದೆ," ಎಂದಿದ್ದರು ಚಿಕ್ಕಮ್ಮ. ಹೇಳಿಬಿಡುತ್ತೇನೆ, ಅವತ್ತು ನಾನು ಅದನ್ನು ಬಿಚ್ಚಿಸಲು ಹೋಗಲಿಲ್ಲ.

ಹೆಬ್ಬೂರಿನಲ್ಲಿ ಟೀ ಅಂಗಡಿಯ ಮುಂದೆ ಜೀಪು ನಿಂತಿತು. ಚಿಕ್ಕಪ್ಪ ಇಳಿದು ಹಿಂದಕ್ಕೆ ಹೋದರು. ಜ್ವರ ಬಂದ ಕೂಸಿನ ಹಣೆ ನೋಡುವ ಹಾಗೆ ಅಂಗೈ ಹಿಂಬದಿಯಿಂದ ಬಲಗಡೆಯ ಟೈರನ್ನು ಮುಟ್ಟಿದರು, ಸುತ್ತಿ ಬಂದು ಎಡಗಡೆಯದನ್ನೂ ಮುಟ್ಟಿದರು.

"ಬಾ ಇಲ್ಲಿ. ಮುಟ್ಟು."

ಮುಟ್ಟಿದೆ. ಎರಡೂ ಬೆಚ್ಚಗಿದ್ದವು, ಒಂದೇ ಸಮ.

ಛತ್ರ ಮುಟ್ಟಿದಾಗ ಅಡುಗೆಯವರು ಇನ್ನೂ ಬೂಂದಿ ಕರಿಯುತ್ತಿದ್ದರು. ಲಾಡು ಕಟ್ಟುವ ಮೊದಲೇ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಕರೆಂಟು ತನ್ನ ಶಾಸ್ತ್ರ ಬಿಡದೆ ಧಾರೆಗೆ ಸರಿಯಾಗಿ ಹೋಯಿತು. ಚಿಕ್ಕಪ್ಪ ಜನರೇಟರು ಚಾಲೂ ಮಾಡಿದರು. ಛತ್ರವೆಲ್ಲ ಒಮ್ಮೆಲೇ ಬೆಳಗಿ, ವಾಲಗದವರು ಅದು ತಮ್ಮದೇ ಪ್ರತಾಪವೆಂಬಂತೆ ಇನ್ನೂ ಜೋರಾಗಿ ಊದಿದರು. ಊಟದ ಹೊತ್ತಿಗೆ ಮೇನೇಜರು ಬಂದು, ನನ್ನ ಎಲೆಗೆ ತಮ್ಮ ಕೈಯಾರೆ ಇನ್ನೊಂದು ಲಾಡು ಹಾಕಿ ಹೋದರು.

ಆ ಛತ್ರ ಚಿಕ್ಕಪ್ಪನ ಕೈಯಲ್ಲೇ ಉಳಿಯಿತು. ಆಷಾಢ ಬಂದು ಮದುವೆಗಳು ನಿಂತಾಗ ಅವರು ಟ್ರೈಲರನ್ನು ಎತ್ತಿ ಕಲ್ಲುಕಂಬದ ತುಂಡುಗಳ ಮೇಲೆ ಕೂರಿಸಿ, ಟೈರುಗಳಿಗೆ ಬಿಸಿಲು ಬೀಳದಂತೆ ಗೋಣಿಚೀಲ ಹೊದಿಸಿದರು. ಮೊದಲಾದರೆ ಅಷ್ಟೂ ಭಾರ ಹೊತ್ತುಕೊಂಡು ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತಲ್ಲೇ ನಿಂತು ಅವುಗಳ ಮಗ್ಗುಲು ಬಿರಿಯುತ್ತಿತ್ತು. "ಹೊಸ ಸೊಸೆಯರು ಆಷಾಢಕ್ಕೆ ತವರಿಗೆ ಹೋಗಲ್ವಾ? ಇವೂ ವಸಿ ಕಾಲು ಚಾಚ್ಕಳ್ಲಿ ಬುಡು," ಎನ್ನುತ್ತಿದ್ದರು.

ಆಮೇಲೂ ಎಷ್ಟೋ ಕಪ್ಪು ಗೆದ್ದೆ, ಈಗ ವಾದ ಮಾಡಿಯೇ ಹೊಟ್ಟೆ ಹೊರೆಯುವ ಕೋರ್ಟಿನ ಕೆಲಸದಲ್ಲಿದ್ದೇನೆ. ಎದುರಿನವರ ಕಡೆ ನಿಂತು ಒಮ್ಮೆ ಮಾತಾಡಿ ನೋಡದೆ ಜಡ್ಜರ ಮುಂದೆ ಯಾವ ಕೇಸಿನ ಕಟ್ಟನ್ನೂ ಬಿಚ್ಚುವುದಿಲ್ಲ. ಇದನ್ನು ನನಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ ಎಂದರೆ ನನ್ನ ಮೇಷ್ಟ್ರುಗಳು ಬೇಸರಪಟ್ಟುಕೊಳ್ಳಬಾರದು. ನನ್ನ ಬಾಯನ್ನು ಮುಚ್ಚಿಸಲು ಮನೆಯಲ್ಲಿ ಎಲ್ಲರೂ ಹೆಣಗುತ್ತಿದ್ದಾಗ ಒಬ್ಬರು ಅದನ್ನು ಸಾಲವಾಗಿ ಕೇಳಿದರು. ಆ ಋಣ ದೊಡ್ಡದು.

ಮೊನ್ನೆ ಬಸ್ಸಿನಿಂದ ಇಳಿದು ಆ ಟ್ರಾಕ್ಟರಿನವನ ಹತ್ತಿರ ಹೋದೆ. ಅವನು ತಲೆಗೆ ಟವಲು ಸುತ್ತಿಕೊಂಡು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

"ಹಳೇ ಟೈರಾ?"

"ಎಳುಸ್ಕಳೋ ಗಾಡಿ ತಾನೆ ಮೇಡಂ, ಇದುಕ್ಕೆಲ್ಲ ಹೊಸಾದು ಯಾರಾಕ್ತಾರೆ?"

ಭಾಷಣ ನಾಲಗೆಯ ತುದಿಗೆ ಬಂತು. ಬಸ್ಸಿನಿಂದ ಇಣುಕುತ್ತಿದ್ದ ಸಭಿಕರೂ ಸಾಕಷ್ಟಿದ್ದರು. ನಾನು ಟ್ರೈಲರನ್ನು ಸುತ್ತಿ ಹೋಗಿ, ಒಡೆಯದೆ ಉಳಿದಿದ್ದ ಟೈರಿಗೆ ಅಂಗೈ ಹಿಂಬದಿ ತಾಗಿಸಿದೆ. ತಣ್ಣಗಿತ್ತು.

"ಕಾಯಿ ಯಾವ ಕಡೆಯಿಂದ ತುಂಬ್ತೀರಿ?"

ಅವನು ಏನೋ ಹೇಳಲು ಬಾಯಿ ತೆರೆದವನು ಹಾಗೇ ತಲೆಯೆತ್ತಿ ಕಾಯಿಯ ರಾಶಿಯನ್ನು ನೋಡಿದ. ಎದ್ದು ನಾನಿದ್ದ ಕಡೆಗೆ ಬಂದು, ತಾನೂ ಕೈಯಿಟ್ಟು ನೋಡಿದ. ಅಷ್ಟರಲ್ಲಿ ಬಸ್ಸು ಹಾರ್ನು ಹೊಡೆಯಿತು.

ಸೀಟಿಗೆ ಬಂದು ಕೂತು ಗುಬ್ಬಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಗೆದ್ದೇನವ್ವಾ?" ಎಂದರು ಚಿಕ್ಕಪ್ಪ.

"ಗೊತ್ತಿಲ್ಲ ಚಿಕ್ಕಪ್ಪ. ಕೇಳಿ ಬಂದೆ, ಅಷ್ಟೆ."

"ಅವ್ನೇನಂದ?"

"ಏನೂ ಅನ್ನಲಿಲ್ಲ. ಆ ಕಡೆ ಬಂದು ಟೈರು ಮುಟ್ಟಿ ನೋಡಿದ."

ಆ ತುದಿಯಲ್ಲಿ ಚಿಕ್ಕಪ್ಪ ನಕ್ಕದ್ದು ಕೇಳಿಸಿತು. "ಹಂಗಾರೆ ಸರಿ ಬುಡು," ಎಂದರು.